ಬಲಗುಂದಿದ ಬೆಕ್ಕಿಗೆ ಲಸಿಕೆ: ಮನೆಯ ಉಳಿದ ಜೀವಗಳ ಹೊಣೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಒಕ್ಕಲು ಮನೆಗಳಲ್ಲಿ ಬೆಕ್ಕನ್ನು ಹಣ ಕೊಟ್ಟು ತಂದವರು ವಿರಳ. ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಕೋಣೆಯಲ್ಲಿ ರಾಗಿಯ ಮೂಟೆ, ಅಡಿಕೆಯ ಮೂಟೆ, ಅಜ್ಜಂಪುರದ ಕಡೆಗಾದರೆ ಈರುಳ್ಳಿಯ ರಾಶಿ. ಇಷ್ಟೆಲ್ಲ ಇದ್ದ ಮೇಲೆ ಇಲಿ ಹೆಗ್ಗಣಗಳು ಬರುವುದೂ, ಅವುಗಳ ಬೆನ್ನಿಗೆ ಬೆಕ್ಕು ಬರುವುದೂ ಸಹಜ. ಒಂದು ಬಟ್ಟಲು ಹಾಲು, ಒಲೆಯ ಬದಿಯ ಬೆಚ್ಚನೆಯ ಜಾಗ, ಇದೇ ಅದರ ಸಂಬಳ. ಹಸುವಿಗೆ ಜ್ವರ ಬಂದರೆ ಪಶುವೈದ್ಯರನ್ನು ಕರೆಸುವ ಮನೆಯವರೇ ಬೆಕ್ಕು ನಾಲ್ಕು ದಿನ ಮೂಲೆ ಹಿಡಿದರೆ ‘ತಾನೇ ಸರಿಹೋಗುತ್ತದೆ’ ಎಂದು ಸುಮ್ಮನಾಗುವುದುಂಟು.

ಆದರೆ ಕಾಲ ಬದಲಾಗಿದೆ. ಈಗ ಅನೇಕ ಕುಟುಂಬಗಳಲ್ಲಿ ಬೆಕ್ಕು ಮಕ್ಕಳ ಹಾಸಿಗೆಯಲ್ಲಿಯೇ ಮಲಗುವ ಮನೆಯ ಸದಸ್ಯ. ಮೇಲಿಂದ ಮೇಲೆ ಕಾಯಿಲೆ ಬೀಳುವ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನವರೆಗೆ ಹೋಗುವವರೂ ಇದ್ದಾರೆ. ಅಲ್ಲಿಯೋ ಬೇರೆಡೆಯೋ ರಕ್ತ ಪರೀಕ್ಷೆ ಮಾಡಿಸಿ, ‘ಇದರ ರೋಗನಿರೋಧಕ ಶಕ್ತಿ ಕುಗ್ಗಿದೆ’ ಎಂಬ ಮಾತನ್ನು ಕೇಳಿ ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಏಳುತ್ತದೆ: ಇಂತಹ ಬೆಕ್ಕಿಗೆ ಲಸಿಕೆ ಹಾಕಿಸಬಹುದೇ, ಬೇಡವೇ?

ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಪ್ರಚಲಿತವಾಗಿವೆ. ‘ಮೊದಲೇ ಬಡಕಲು ಜೀವ, ಸೂಜಿ ಚುಚ್ಚಿಸಿದರೆ ಸತ್ತೇ ಹೋಗುತ್ತದೆ’ ಎನ್ನುವವರು ಒಂದು ಕಡೆ. ‘ಎಲ್ಲ ಬೆಕ್ಕಿಗೂ ಹಾಕುವ ಲಸಿಕೆಯನ್ನೇ ಇದಕ್ಕೂ ಹಾಕಿಸಿಬಿಡಿ’ ಎನ್ನುವವರು ಇನ್ನೊಂದು ಕಡೆ. ಎರಡನ್ನೂ ಒಪ್ಪಲಾಗದು. ಬಲಗುಂದಿದ ಬೆಕ್ಕಿಗೆ ಲಸಿಕೆ ಬೇಕು. ಆದರೆ ಯಾವ ಜಾತಿಯ ಲಸಿಕೆ, ಯಾವ ಸಮಯದಲ್ಲಿ ಎಂಬುದನ್ನು ವೈದ್ಯರು ವಿವೇಚಿಸಿ ನಿರ್ಧರಿಸಬೇಕು. ಅದಕ್ಕಿಂತ ಮಿಗಿಲಾಗಿ, ಅದರ ಜೊತೆಯಲ್ಲಿ ಬಾಳುವ ಉಳಿದ ಬೆಕ್ಕುಗಳಿಗೂ ನಾಯಿಗೂ ತಪ್ಪದೆ ಲಸಿಕೆ ಆಗಿರಬೇಕು. ತನ್ನ ಮೈಯಲ್ಲಿ ಕೋಟೆ ಕಟ್ಟಿಕೊಳ್ಳಲಾರದ ಪ್ರಾಣಿಗೆ ಸುತ್ತಲಿನವರೇ ಕೋಟೆಯಾಗಬೇಕು.

ದನಗಳ ಲಸಿಕೆಯಿಂದ ಕಲಿತದ್ದು

ಈ ವಿಚಾರ ಹೊಸದೆಂದು ಯಾರೂ ಅಂಜಬೇಕಾಗಿಲ್ಲ. ಲಸಿಕೆಯ ಮರ್ಮವನ್ನು ನಮ್ಮ ಸೀಮೆಯವರು ದನಗಳ ಮೂಲಕ ಎಂದೋ ಅರಿತಿದ್ದಾರೆ. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರಾದ ಈ ದನಗಳು ಫಿರಂಗಿಗಳನ್ನೆಳೆದ ಗಟ್ಟಿ ಜೀವಗಳು. ಇವುಗಳ ಕಾವಲುಗಳು ಕಡೂರು, ತರೀಕೆರೆ ಭಾಗಗಳಲ್ಲಿ ಇಂದಿಗೂ ಇವೆ. ಇಂತಹ ದನಗಳಿಗೂ ಒಂದು ಕಾಲದಲ್ಲಿ ದೊಡ್ಡರೋಗ ಮೃತ್ಯುಸ್ವರೂಪವಾಗಿತ್ತು.

1920ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ದೊಡ್ಡರೋಗದ ವೈರಾಣುವನ್ನು ಆಡುಗಳ ಮೈಯಲ್ಲಿ ಹಾಯಿಸಿ ಹಾಯಿಸಿ ಅದರ ಉಗ್ರತೆಯನ್ನು ತಗ್ಗಿಸಿದರು. ಅದೇ ಲಸಿಕೆಯಾಯಿತು. ಬಯಲುಸೀಮೆಯ ನಾಡತಳಿಯ ದನಗಳು ಅದನ್ನು ಸುಲಭವಾಗಿ ತಾಳಿಕೊಂಡವು. ಆದರೆ ಗುಡ್ಡಗಾಡಿನ ಕೆಲವು ತಳಿಗಳಿಗೆ, ವಿದೇಶಿ ಮತ್ತು ಮಿಶ್ರತಳಿಗಳಿಗೆ ಅದೇ ಲಸಿಕೆ ಕಟುವಾಯಿತು. ಒಂದು ಜೀವಕ್ಕೆ ರಕ್ಷೆಯಾದದ್ದು ಇನ್ನೊಂದರ ತಾಳಿಕೆಯನ್ನು ಮೀರಿತು. ಹಾಗೆಂದು ಅಂತಹ ದನಗಳನ್ನು ರೋಗದ ಪಾಲಿಗೆ ಬಿಟ್ಟರೇ? ಇಲ್ಲ. ಅವುಗಳಿಗೆಂದೇ ಹೆಚ್ಚು ಸೌಮ್ಯವಾದ ಲಸಿಕೆಗಳನ್ನು ರೂಪಿಸಿದರು. 1960ರ ಸುಮಾರಿಗೆ ಪ್ಲೌರೈಟ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಲಸಿಕೆ ಎಲ್ಲ ತಳಿಗಳಿಗೂ ಒಗ್ಗಿತು. ನಮ್ಮ ದೇಶದಲ್ಲಿ ದೊಡ್ಡರೋಗ ಕಡೆಯ ಬಾರಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಇಡೀ ಪ್ರಪಂಚವೇ ಆ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಪ್ರಾಣಿಗಳ ರೋಗಗಳಲ್ಲಿ ಹೀಗೆ ಬುಡಸಮೇತ ಕಿತ್ತುಹೋದದ್ದು ಇದೊಂದೇ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕೊಟ್ಟಿಗೆಗೇ ಹೋಗೋಣ. ಕಾಲುಬಾಯಿ ಬೇನೆಯ ಲಸಿಕೆಯನ್ನು ಹಿಂಡಿಗೆ ಹಿಂಡೇ ಹಾಕಿಸುತ್ತೇವೆ. ಆದರೆ ಕಂದುರೋಗದ, ಅಂದರೆ ಬ್ರುಸೆಲ್ಲೋಸಿಸ್ಸಿನ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಹಾಕುತ್ತಾರೆ. ಗಬ್ಬದ ಹಸುವಿನ ಹತ್ತಿರ ಅದನ್ನು ಸುಳಿಯಗೊಡುವುದಿಲ್ಲ. ಮೊದಲನೆಯದು ರೋಗಾಣುವನ್ನು ಕೊಂದು ತಯಾರಿಸಿದ ಲಸಿಕೆ. ಎರಡನೆಯದರಲ್ಲಿರುವುದು ಬಲ ತಗ್ಗಿಸಿದ, ಆದರೆ ಜೀವವುಳ್ಳ ರೋಗಾಣು. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬೆಕ್ಕಿನ ಲಸಿಕೆಯ ವಿಚಾರ ಅರ್ಧ ತಿಳಿದಂತೆಯೇ.

ಬೆಕ್ಕಿಗೆ ಯಾವ ಲಸಿಕೆ?

ಬೆಕ್ಕುಗಳಿಗೆ ಮುಖ್ಯವಾಗಿ ಹಾಕಿಸಬೇಕಾದವು ಎರಡು. ಒಂದು, ಮೂರು ರೋಗಗಳಿಗೆ ಒಟ್ಟಾಗಿ ಕೊಡುವ ಲಸಿಕೆ. ಇನ್ನೊಂದು ಹುಚ್ಚುರೋಗದ, ಅಂದರೆ ರೇಬೀಸ್ ಲಸಿಕೆ.

ಆ ಮೂರರಲ್ಲಿ ಅತಿ ಭಯಂಕರವಾದುದು ಪ್ಯಾನ್‌ಲ್ಯೂಕೋಪೀನಿಯಾ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ರೋಗದ ದಾಯಾದಿ ಇದು. ವಾಂತಿ, ಭೇದಿ, ಜ್ವರಗಳಿಂದ ಮರಿಗಳು ಎರಡು ಮೂರು ದಿನಗಳಲ್ಲಿಯೇ ಸೋತು ಬೀಳುತ್ತವೆ. ಈ ವೈರಾಣು ರಕ್ತದ ಬಿಳಿಕಣಗಳನ್ನೇ ಬರಿದುಮಾಡುವುದರಿಂದ ಮೊದಲೇ ನಿರೋಧಶಕ್ತಿ ಕುಗ್ಗಿದ ಬೆಕ್ಕಿಗೆ ತಗುಲಿದರೆ ಉಳಿಯುವ ಆಸೆ ಕಡಿಮೆ. ಇದು ನೆಲದಲ್ಲಿ, ಗೋಣಿಯಲ್ಲಿ, ಚಾಪೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರಬಲ್ಲದು. ಮನುಷ್ಯರ ಚಪ್ಪಲಿಗಂಟಿಕೊಂಡು ಮನೆಯೊಳಗೆ ಬರಬಲ್ಲದು. ‘ನಮ್ಮ ಬೆಕ್ಕು ಹೊಸ್ತಿಲು ದಾಟುವುದಿಲ್ಲ, ಲಸಿಕೆ ಏಕೆ’ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಉಳಿದೆರಡು, ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳಿಂದ ಬರುವ ನೆಗಡಿ, ಕಣ್ಣುರೋಗ, ಬಾಯಿಹುಣ್ಣುಗಳು. ಆರೋಗ್ಯವಂತ ಬೆಕ್ಕಿಗೆ ಇವು ಬಹುಮಟ್ಟಿಗೆ ಹೋಗಿಬರುವ ಕಾಯಿಲೆಗಳು. ದುರ್ಬಲ ಬೆಕ್ಕಿಗೆ ಹಾಗಲ್ಲ.

ಈ ಮೂರು ರೋಗಗಳ ಲಸಿಕೆ ಜೀವಂತ ರೂಪದಲ್ಲಿಯೂ ಇದೆ, ಕೊಂದ ರೂಪದಲ್ಲಿಯೂ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವುದು ಜೀವಂತ ಲಸಿಕೆ. ಆರೋಗ್ಯವಂತ ಬೆಕ್ಕಿಗೆ ಅದು ಉತ್ತಮ. ಬೇಗನೆ ಫಲ ಕೊಡುತ್ತದೆ. ಬಲಗುಂದಿದ ಬೆಕ್ಕಿನ ಮೈಯಲ್ಲಿ ಆ ಸೌಮ್ಯ ವೈರಾಣುವೇ ಮಿತಿಮೀರಿ ಬೆಳೆದೀತು ಎಂಬ ಶಂಕೆಯಿಂದ ತಜ್ಞರು ಅಂತಹ ಬೆಕ್ಕಿಗೆ ಕೊಂದ ಲಸಿಕೆಯನ್ನು ಮೇಲೆಂದು ಹೇಳುತ್ತಾರೆ. ಕೊಂದ ಲಸಿಕೆಗೂ ಅದರದೇ ಆದ ಕೊರತೆಗಳಿವೆ. ಒಂದು ಸಲ ಹಾಕಿಸಿದರೆ ಸಾಲದು. ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕು. ದುರ್ಬಲ ಮೈ ಅದಕ್ಕೆ ಸ್ಪಂದಿಸುವುದೂ ಕಡಿಮೆ ಇರಬಹುದು. ಅದು ಸಿಗದಿದ್ದಾಗ ಏನು ಮಾಡಬೇಕೆಂಬುದನ್ನು ಬೆಕ್ಕಿನ ಸ್ಥಿತಿಯನ್ನೂ ಸುತ್ತಲಿನ ರೋಗದ ಅಪಾಯವನ್ನೂ ತೂಗಿ ನೋಡಿ ಪಶುವೈದ್ಯರೇ ಹೇಳಬೇಕು. ಔಷಧದ ಅಂಗಡಿಯವರನ್ನು ಕೇಳಿ ತೀರ್ಮಾನಿಸುವ ವಿಷಯ ಇದಲ್ಲ.

ಗಬ್ಬದ ಬೆಕ್ಕಿಗೂ, ನಾಲ್ಕು ವಾರ ತುಂಬದ ಮರಿಗೂ ಪ್ಯಾನ್‌ಲ್ಯೂಕೋಪೀನಿಯಾದ ಜೀವಂತ ಲಸಿಕೆ ಸಲ್ಲದು. ಬೆಳೆಯುತ್ತಿರುವ ಮರಿಯ ಚಿಕ್ಕಮೆದುಳಿಗೆ ಅದರಿಂದ ಊನವಾಗಿ, ಮರಿ ಜೀವಮಾನವೆಲ್ಲ ತೂರಾಡುತ್ತ ನಡೆಯುವಂತಾದೀತು.

ಇನ್ನು ರೇಬೀಸ್ ಲಸಿಕೆ. ನಮ್ಮ ದೇಶದಲ್ಲಿ ನಾಯಿ ಬೆಕ್ಕುಗಳಿಗೆ ಕೊಡುವ ರೇಬೀಸ್ ಚುಚ್ಚುಮದ್ದು ಕೊಂದ ವೈರಾಣುವಿನಿಂದಲೇ ತಯಾರಾದುದು. ಆದ್ದರಿಂದ ‘ಬಡಕಲು ಬೆಕ್ಕು, ರೇಬೀಸ್ ಲಸಿಕೆ ಬೇಡ’ ಎಂಬ ಮಾತಿಗೆ ಆಧಾರವಿಲ್ಲ. ಜ್ವರವಿದ್ದರೆ, ಊಟ ಬಿಟ್ಟಿದ್ದರೆ ಕೆಲವು ದಿನ ಮುಂದೂಡಬಹುದು, ಬಿಟ್ಟುಬಿಡುವಂತಿಲ್ಲ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲನೆಯದು, ವರ್ಷದ ನಂತರ ಮತ್ತೊಂದು, ಆಮೇಲೆ ವೈದ್ಯರು ಹೇಳಿದಂತೆ.

ಬಲ ಕುಗ್ಗುವುದು ಹೇಗೆ?

ಬೆಕ್ಕಿನ ನಿರೋಧಶಕ್ತಿಯನ್ನು ಕುಂದಿಸುವ ವೈರಾಣುಗಳಲ್ಲಿ ಎರಡು ಪ್ರಸಿದ್ಧ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜಾರೆಟ್ ಮತ್ತು ಸಂಗಡಿಗರು ಕಂಡುಹಿಡಿದ ಬೆಕ್ಕಿನ ಲ್ಯುಕೀಮಿಯಾ ವೈರಾಣು ಒಂದು; 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೆಡರ್ಸನ್ ಮತ್ತು ಸಂಗಡಿಗರು ಗುರುತಿಸಿದ ಎಫ್‌ಐವಿ ಇನ್ನೊಂದು. ಎಫ್‌ಐವಿಯನ್ನು ಬೆಕ್ಕಿನ ಏಡ್ಸ್ ಎಂದು ಕರೆಯುವುದು ರೂಢಿಯಲ್ಲಿದೆ. ಆ ಹೆಸರು ಕೇಳಿಯೇ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಯೋಚನೆ ಯಾರಿಗೂ ಬಾರದಿರಲಿ. ಅದು ಮನುಷ್ಯರಿಗೆ ಅಂಟುವುದಿಲ್ಲ, ನಾಯಿಗೂ ಅಂಟುವುದಿಲ್ಲ. ಇಂತಹ ಬೆಕ್ಕುಗಳು ಆರೈಕೆ ಸಿಕ್ಕರೆ ಅನೇಕ ವರ್ಷ ಚೆನ್ನಾಗಿಯೇ ಬಾಳುತ್ತವೆ.

ಎರಡೂ ಹರಡುವ ಬಗೆ ಬೇರೆ. ಎಫ್‌ಐವಿ ಹರಡುವುದು ಮುಖ್ಯವಾಗಿ ಆಳವಾದ ಕಡಿತದಿಂದ. ರಾತ್ರಿಯ ಹೊತ್ತು ಹೆಂಚಿನ ಮೇಲೆ ಕಾದಾಡುವ ಗಂಡುಬೆಕ್ಕುಗಳಿಗೆ ಇದರ ಭಯ ಹೆಚ್ಚು. ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರುವ ಬೆಕ್ಕುಗಳಲ್ಲಿ ಕಡಿಮೆ. ಲ್ಯುಕೀಮಿಯಾ ವೈರಾಣುವಾದರೋ ಜೊಲ್ಲಿನಲ್ಲಿಯೇ ಇರುವುದರಿಂದ ಒಂದೇ ಬಟ್ಟಲಿನಲ್ಲಿ ಉಣ್ಣುವ, ಒಂದನ್ನೊಂದು ನೆಕ್ಕುವ ಬೆಕ್ಕುಗಳಲ್ಲಿ ಪ್ರೀತಿಯ ಮೂಲಕವೇ ಹರಡುತ್ತದೆ. ಕೆಲವು ಹನಿ ರಕ್ತದಿಂದ ಎರಡನ್ನೂ ಪತ್ತೆಹಚ್ಚುವ ಪರೀಕ್ಷೆ ಇದೆ.

ವೈರಾಣುವಿನಿಂದಲ್ಲದೆ ಔಷಧದಿಂದಲೂ ಶಕ್ತಿ ಕುಗ್ಗುತ್ತದೆ. ಚರ್ಮರೋಗಕ್ಕೋ ಕರುಳಿನ ಊತಕ್ಕೋ ಬಹುಕಾಲ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಡಬೇಕಾದಾಗ, ಗಂತಿಗೆ ಔಷಧೋಪಚಾರ ನಡೆದಿರುವಾಗ ಮೈ ಲಸಿಕೆಯನ್ನು ಸರಿಯಾಗಿ ಗ್ರಹಿಸಲಾರದು. ಸಾಧ್ಯವಿದ್ದರೆ ಅಂತಹ ಚಿಕಿತ್ಸೆ ಆರಂಭವಾಗುವ ಮೊದಲೇ ಲಸಿಕೆ ಮುಗಿಸಿಕೊಳ್ಳುವುದು ಲೇಸು. ಮುಪ್ಪು, ಮೂತ್ರಪಿಂಡದ ದೌರ್ಬಲ್ಯ, ಸಕ್ಕರೆ ಕಾಯಿಲೆ, ಹೊಟ್ಟೆತುಂಬ ಹುಳು, ಬರಿಯ ಹಾಲು ಅನ್ನದ ಮೇಲೆ ಬದುಕುವ ಅರೆಹೊಟ್ಟೆ, ಇವೂ ಬಲವನ್ನು ಕುಂದಿಸುತ್ತವೆ. ಬೆಕ್ಕು ಮಾಂಸಾಹಾರಿ ಜೀವ; ಮಾಂಸದಲ್ಲಿ ಮಾತ್ರ ಸಿಗುವ ಕೆಲವು ಅಂಶಗಳಿಲ್ಲದೆ ಅದರ ಕಣ್ಣು, ಹೃದಯಗಳು ಕೆಡುತ್ತವೆ. ಸಸ್ಯಾಹಾರಿಗಳ ಮನೆಯಲ್ಲಿ ಇದು ಕೊಂಚ ಮುಜುಗರದ ಮಾತೆಂದು ಬಲ್ಲೆ. ಆದರೂ ಅದು ಹಿಡಿಯುವ ಇಲಿಯೊಂದರಿಂದಲೇ ಹೊಟ್ಟೆ ತುಂಬೀತೆಂದು ನಂಬಿ ಕೂರುವಂತಿಲ್ಲ. ಬೆಕ್ಕಿಗಾಗಿಯೇ ತಯಾರಿಸಿದ ಸಿದ್ಧ ಆಹಾರ ಈಗ ಪೇಟೆಗಳಲ್ಲಿ ದೊರೆಯುತ್ತದೆ.

ಜೊತೆಗಾರರ ಸರದಿ

ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವ ತಾಯಂದಿರಿಗೆಲ್ಲ ತಿಳಿದಿರದ ಒಂದು ನಿಯಮವಿದೆ. ಹುಟ್ಟಿನಿಂದ ನಿರೋಧಶಕ್ತಿಯೇ ಇಲ್ಲದ ಮಗುವಿರುವ ಮನೆಯಲ್ಲಿ ಆ ಮಗುವಿಗಷ್ಟೇ ಅಲ್ಲ, ಅದರ ಅಣ್ಣ ತಮ್ಮಂದಿರಿಗೂ ಬಾಯಿಗೆ ಹನಿ ಹಾಕುವ ಬದಲು ಕೊಂದ ಲಸಿಕೆಯ ಚುಚ್ಚುಮದ್ದನ್ನು ಕೊಡುತ್ತಾರೆ. ದುರ್ಬಲ ಜೀವದ ರಕ್ಷಣೆಯ ಲೆಕ್ಕದಲ್ಲಿ ಮನೆಯವರೆಲ್ಲರೂ ಸೇರುತ್ತಾರೆ ಎಂಬುದಕ್ಕೆ ಇದು ನಿದರ್ಶನ.

ಬೆಕ್ಕಿನ ಮನೆಯಲ್ಲಿಯೂ ಲೆಕ್ಕ ಅದೇ. ಬಲಗುಂದಿದ ಬೆಕ್ಕಿನ ಲಸಿಕೆ ಅರ್ಧ ಫಲ ಕೊಟ್ಟರೂ ಅದರೊಡನೆ ಉಣ್ಣುವ, ಮಲಗುವ ಬೆಕ್ಕುಗಳು ರೋಗ ಹೊತ್ತು ತಾರದಿದ್ದರೆ ಅದು ಸುರಕ್ಷಿತ. ಆದ್ದರಿಂದ ಮನೆಯ ಎಲ್ಲ ಆರೋಗ್ಯವಂತ ಬೆಕ್ಕುಗಳಿಗೂ ಮೂರು ರೋಗಗಳ ಲಸಿಕೆ ಮತ್ತು ರೇಬೀಸ್ ಲಸಿಕೆ ಹೊತ್ತುಹೊತ್ತಿಗೆ ಆಗಿರಬೇಕು. ಅವುಗಳಿಗೆ ಯಾವ ಲಸಿಕೆ ಹಾಕಬೇಕೆಂದು ಕೇಳುವಾಗಲೇ ಮನೆಯಲ್ಲೊಂದು ದುರ್ಬಲ ಬೆಕ್ಕಿದೆ ಎಂಬ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಮರಿಗಳ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಕರುವಿಗೆ ಗಿಣ್ಣುಹಾಲು ಹೇಗೋ ಬೆಕ್ಕಿನ ಮರಿಗೂ ತಾಯಿಯ ಮೊದಲ ಹಾಲು ಹಾಗೆಯೇ ರಕ್ಷೆ. ಆ ರಕ್ಷೆ ಮೈಯಲ್ಲಿರುವವರೆಗೆ ಹೊರಗಿನ ಲಸಿಕೆಯನ್ನು ಅದೇ ತಡೆದು ನಿಷ್ಫಲಗೊಳಿಸುತ್ತದೆ. ಅದು ಯಾವ ವಾರ ಇಳಿಯುವುದೆಂದು ಹೇಳಲಾಗದು. ಆ ಕಾರಣದಿಂದಲೇ ಆರೆಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ, ಮರಿಗೆ 16 ವಾರ ತುಂಬುವವರೆಗೆ ಮರಳಿ ಮರಳಿ ಹಾಕಿಸುವುದು. ಒಂದು ಸೂಜಿ ಹಾಕಿಸಿ ‘ಆಯಿತು’ ಎಂದು ಕುಳಿತವರ ಮನೆಯಲ್ಲಿ ಮರಿ ಸತ್ತರೆ ಲಸಿಕೆಯನ್ನು ದೂರಿ ಫಲವಿಲ್ಲ. ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘವು 2024ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಆರು ತಿಂಗಳ ಸುಮಾರಿಗೆ ಇನ್ನೊಂದನ್ನು ಹಾಕಿಸುವಂತೆ ಸಲಹೆ ಇದೆ.

ನಾಯಿಯನ್ನೂ ಮರೆಯಬಾರದು. ನಾಯಿಗಳ ಪಾರ್ವೋ ವೈರಾಣುವಿನ ಈಗಿನ ಬಗೆಗಳು ಬೆಕ್ಕಿಗೂ ತಗುಲಬಲ್ಲವು. ತೋಟ ಕಾಯುವ ನಾಯಿ ಬೀದಿನಾಯಿಗಳೊಡನೆ ಸೇರಿ ಬಂದು ಹಿತ್ತಿಲಲ್ಲಿ ಮಲಗುವ ಮನೆಯಲ್ಲಿ ಅದರ ಲಸಿಕೆಯೇ ಬೆಕ್ಕಿಗೂ ಬೇಲಿ.

ಹೊಸದಾಗಿ ಮರಿಯೊಂದನ್ನು ತಂದರೆ ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿರಿಸಿ, ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸಿದ ಮೇಲೆಯೇ ಒಳಗೆ ಸೇರಿಸಬೇಕು. ಲ್ಯುಕೀಮಿಯಾ ಇರುವ ಬೆಕ್ಕಿಗೆ ಬಟ್ಟಲು, ಹಾಸಿಗೆ, ಮಲದ ತಟ್ಟೆ ಎಲ್ಲವೂ ಪ್ರತ್ಯೇಕವಿರಲಿ. ಆ ರೋಗಕ್ಕೂ ಲಸಿಕೆ ಉಂಟು. ಅದು ಇನ್ನೂ ಸೋಂಕು ತಗುಲದ ಜೊತೆಗಾರರಿಗೆ ಮಾತ್ರ ಉಪಯುಕ್ತ. ಸಿಗುವುದೇ ಎಂದು ವೈದ್ಯರನ್ನು ವಿಚಾರಿಸಬೇಕು. ಗಂಡುಬೆಕ್ಕುಗಳಿಗೆ ಬೀಜ ತೆಗೆಸಿದರೆ ಅಲೆದಾಟವೂ ಕಾದಾಟವೂ ತಗ್ಗುತ್ತವೆ; ಎಫ್‌ಐವಿಗೆ ಇದಕ್ಕಿಂತ ಒಳ್ಳೆಯ ತಡೆ ನಮ್ಮ ಕೈಯಲ್ಲಿ ಬೇರೊಂದಿಲ್ಲ.

ಶುಚಿಯ ವಿಷಯದಲ್ಲಿ ಗೃಹಿಣಿಯರಿಗೆ ಒಂದು ಎಚ್ಚರಿಕೆ. ನೆಲಕ್ಕೆ ಹಾಕುವ ಫಿನಾಯಿಲ್ ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಸಾಕು, ಅದರ ಪಿತ್ತಕೋಶ ಅದನ್ನು ಅರಗಿಸಿಕೊಳ್ಳಲಾರದು. ಮೇಲಾಗಿ ಪ್ಯಾನ್‌ಲ್ಯೂಕೋಪೀನಿಯಾದ ವೈರಾಣು ಅಂತಹ ಸಾಧಾರಣ ದ್ರಾವಣಗಳಿಗೆ ಬಗ್ಗುವುದೂ ಇಲ್ಲ. ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರವವನ್ನು ಒಂದಕ್ಕೆ 30 ಪಾಲು ನೀರು ಬೆರೆಸಿ, ಮೊದಲೇ ತೊಳೆದ ನೆಲದ ಮೇಲೆ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ನೀರು ಹಾಕಿ ತೊಳೆದು ಒಣಗಿದ ಮೇಲೆಯೇ ಬೆಕ್ಕನ್ನು ಬಿಡಬೇಕು. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಬೆಕ್ಕಿಗೆ ಕೊಡಕೂಡದು; ಅದು ಪ್ರಾಣಾಂತಿಕ.

ಮನೆಯ ಮನುಷ್ಯರೂ ಬೆಕ್ಕಿನ ಜೊತೆಗಾರರೇ ತಾನೇ. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಅರಿಶಿನ, ಸುಣ್ಣ ಹಚ್ಚುತ್ತ ಕೂರದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದ್ದು ಈ ಗಂಭೀರತೆಯನ್ನರಿತೇ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟೀರಾಯ್ಡ್ ಸೇವಿಸುವವರು ಇದ್ದು ಅವರಿಗೆ ಬೆಕ್ಕು ಪರಚಿದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಂತಹವರಿಗೆ ಸಣ್ಣ ಗಾಯಕ್ಕೂ ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೇಕಾಗುತ್ತದೆ.

ಕಡೆಯದಾಗಿ ಕೆಲವು ವ್ಯವಹಾರದ ಮಾತು. ತಾಲ್ಲೂಕು ಪಶು ಆಸ್ಪತ್ರೆಗಳ ಕೆಲಸ ಬಹುಪಾಲು ದನ, ಕುರಿ, ಎಮ್ಮೆಗಳದು. ಬೆಕ್ಕಿನ ಲಸಿಕೆ ಇದೆಯೇ ಎಂದು ಮುಂಚೆಯೇ ಕೇಳಿ, ಇಲ್ಲವಾದರೆ ತರಿಸಲು ಹೇಳಿ, ನಾಲ್ಕಾರು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡರೆ ಎಲ್ಲರಿಗೂ ಅನುಕೂಲ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿಯೇ ಇರಬೇಕು. ಶಿವಮೊಗ್ಗದಲ್ಲಿ ಕೊಂಡು ಬಸ್ಸಿನಲ್ಲಿ ಕೈಚೀಲದಲ್ಲಿಟ್ಟು ತಂದದ್ದು ತರೀಕೆರೆ ಸೇರುವಷ್ಟರಲ್ಲಿ ಬರಿಯ ನೀರಾಗಿರಬಹುದು. ಮಂಜುಗಡ್ಡೆಯ ಥರ್ಮಾಸ್ ಬೇಕು. ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿ ಹಳೆಯ ಸೀರೆಯ ತುಂಡು ಹಾಸಿ ಒಯ್ಯಬೇಕು. ದುರ್ಬಲ ಬೆಕ್ಕಿನ ಸರದಿಯನ್ನು ಎಲ್ಲಕ್ಕಿಂತ ಮೊದಲಿಗೆ ಇಟ್ಟುಕೊಂಡರೆ ಆಸ್ಪತ್ರೆಯ ಜಗಲಿಯಲ್ಲಿ ಬೇರೆ ಪ್ರಾಣಿಗಳ ನಡುವೆ ಅದು ಕಾಯುವುದು ತಪ್ಪುತ್ತದೆ. ಸೂಜಿಯನ್ನು ಹೆಗಲ ನಡುವೆ ಹಾಕದೆ ಕಾಲಿನ ಕೆಳಭಾಗದಲ್ಲಿ ಹಾಕುವಂತೆ ವೈದ್ಯರನ್ನು ಕೇಳಿಕೊಳ್ಳಬಹುದು. ಕೊಂದ ಲಸಿಕೆ ಹಾಕಿದ ಜಾಗದಲ್ಲಿ ಬಹು ಅಪರೂಪವಾಗಿ ಕೆಟ್ಟ ಗಂತಿ ಬೆಳೆಯುವುದನ್ನು 1991ರಿಂದೀಚೆಗೆ ವೈದ್ಯರು ಗಮನಿಸಿದ್ದಾರೆ. ಕಾಲಿನಲ್ಲಾದರೆ ಶಸ್ತ್ರಚಿಕಿತ್ಸೆ ಸುಲಭ. ಲಸಿಕೆಯ ನಂತರ ಒಂದೆರಡು ದಿನ ಬೆಕ್ಕು ಮಂಕಾಗಿರುವುದು ಸಹಜ. ಮುಖ ಊದಿದರೆ, ಉಸಿರು ಕಟ್ಟಿದರೆ, ಮೇಲಿಂದ ಮೇಲೆ ವಾಂತಿಯಾದರೆ ಕೂಡಲೇ ಹಿಂದಿರುಗಬೇಕು. ಸೂಜಿ ಚುಚ್ಚಿದಲ್ಲಿ ಸಣ್ಣ ಗಂಟು ಕಾಣಿಸಿದರೆ ತಾರೀಖು ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಮುಟ್ಟಿ ನೋಡುತ್ತಿರಿ. ಅದು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳು ಕಳೆದ ಮೇಲೂ ಬೆಳೆಯುತ್ತಲೇ ಇದ್ದರೆ ವೈದ್ಯರಿಗೆ ತೋರಿಸಿ.